ಹಾಲಿವುಡ್ ನಟಿ ಮರ್ಲ್ ಒಬೆರಾನ್ ತಾನು ಭಾರತದಲ್ಲಿ ಹುಟ್ಟಿದ್ದನ್ನ ಮುಚ್ಚಿಟ್ಟಿದ್ದು ಸರೀನಾ?

ಪರ

ಸರಿ ಅಂತೀನಿ. ಬೇರೆ ದಾರಿ ಏನಿತ್ತು ಹೇಳಿ? 1911ರಲ್ಲಿ ಬಾಂಬೇಲಿ ಹುಟ್ಟಿದ ಆಂಗ್ಲೋ ಇಂಡಿಯನ್ ಹುಡುಗಿ, ಮನೇಲಿ ಕರೀತಿದ್ದಿದ್ದು ಕ್ವೀನಿ ಅಂತ, ಕಲ್ಕತ್ತಾದಲ್ಲಿ ಬಡತನದಲ್ಲಿ ಬೆಳೆದ್ಲು, ಸ್ಕೂಲಲ್ಲಿ ಬೆರಕೆ ಅಂತ ಆಡ್ಕೋತಿದ್ರು, ಆಮೇಲೆ ಟೆಲಿಫೋನ್ ಆಪರೇಟರ್ ಆಗಿ ದುಡಿದು ಹೆಂಗೋ ಲಂಡನ್ ಸೇರಿದ್ಲು. ಅಲ್ಲಿ ಸಿನಿಮಾ ನಿರ್ದೇಶಕ ಅಲೆಗ್ಸಾಂಡರ್ ಕೋರ್ಡಾ 1933ರ ತನ್ನ ಸಿನಿಮಾದಲ್ಲಿ ರಾಣಿ ಆನ್ ಬೊಲಿನ್ ಪಾತ್ರ ಕೊಟ್ಟು ಬೆಳಕಿಗೆ ತಂದ. ಹುಟ್ಟಿದ್ದು ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಅನ್ನೋ ಕಥೆ ಕಟ್ಟಿದ್ದು ಸ್ಟುಡಿಯೋ ಪ್ರಚಾರದವರು. ದೂರದ ದ್ವೀಪ, ಹೋಗಿ ಯಾರು ಕೇಳ್ತಾರೆ!

ಅಮೆರಿಕದ ಕಾನೂನು ಹೆಂಗಿತ್ತು ಅಂದ್ರೆ, ಭಾರತೀಯರು ಬಿಳಿಯರಲ್ಲ, ಪೌರತ್ವ ಕೊಡಕ್ಕಾಗಲ್ಲ ಅಂತ 1923ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು, 1946ರ ತನಕ ಅದೇ ನಡೀತು. ಹಾಲಿವುಡ್ ಸಿನಿಮಾದವರೇ ಮಾಡ್ಕೊಂಡಿದ್ದ ಪ್ರೊಡಕ್ಷನ್ ಕೋಡ್ ಅನ್ನೋ ನಿಯಮಾವಳಿ ಬೇರೆ, ಬಿಳಿಯರು ಕರಿಯರ ನಡುವೆ ಪ್ರೇಮ ತೋರಿಸೋ ಹಾಗೇ ಇಲ್ಲ ಅಂತ, ಏಷ್ಯಾದವರಿಗೂ ಅದೇ ಅಳತೆಗೋಲು. ನಿಜ ಹೇಳಿದ್ದಿದ್ರೆ 1939ರ 'ವುದರಿಂಗ್ ಹೈಟ್ಸ್' ಸಿನಿಮಾದಲ್ಲಿ ಇಂಗ್ಲಿಷ್ ನಟ ಲಾರೆನ್ಸ್ ಒಲಿವಿಯರ್ ಎದುರು ನಾಯಕಿ ಆಗಕ್ಕೆ ಬಿಡ್ತಿದ್ರಾ? ಆ ಸುಳ್ಳಿನ ಪಾಪ ಕಾನೂನು ಬರೆದವರಿಗೆ ತಟ್ಟಬೇಕು, ಹೊಟ್ಟೆಪಾಡಿಗೆ ಹೊರಟ ಹುಡುಗಿಗಲ್ಲ.

ವಿರೋಧ

ಹೊಟ್ಟೆಪಾಡು ಅಂತ ಎಷ್ಟು ವರ್ಷ ಹೇಳ್ತೀರಿ? ಕಾನೂನು ಬದಲಾಯ್ತು, ಕೋಡ್ ಕೂಡ 1968ರಲ್ಲಿ ಹೋಯ್ತು. ಆದ್ರೂ 1978ರಲ್ಲಿ ಟಾಸ್ಮೇನಿಯಾದ ಹೋಬಾರ್ಟ್‌ನಲ್ಲಿ ನಮ್ಮೂರ ಮಗಳು ಅಂತ ಸ್ವಾಗತ ಸಮಾರಂಭ ಮಾಡಿದಾಗ ಆಕೆ ಹೋಗಿದ್ಲು. ಮರುವರ್ಷವೇ ತೀರ್ಕೊಂಡ್ಲು. 1935ರ ಸಿನಿಮಾಕ್ಕೆ ಶ್ರೇಷ್ಠ ನಟಿ ಆಸ್ಕರ್ ನಾಮಿನೇಶನ್ ಸಿಕ್ಕಿತ್ತಲ್ಲ, ಅದು ಒಬ್ಬ ಏಷ್ಯನ್ ಹೆಣ್ಣುಮಗಳದ್ದು ಅಂತ ಆಗ ಯಾರಿಗೂ ಗೊತ್ತಾಗ್ಲಿಲ್ಲ. 2023ರಲ್ಲಿ ಅದೇ ನಾಮಿನೇಶನ್‌ಗೆ ಮಲೇಷ್ಯಾದ ನಟಿ ಮಿಶೆಲ್ ಯೋ ಹೆಸರು ಬಂದಾಗ ಪತ್ರಿಕೆಯವರು 'ಏಷ್ಯನ್ ಅಂತ ತಾನೇ ಹೇಳ್ಕೊಂಡ ಮೊದಲ ನಟಿ' ಅಂತ ಸುತ್ತಿ ಬಳಸಿ ಬರೀಬೇಕಾಯ್ತು. ಕಲ್ಕತ್ತಾದಲ್ಲಿ ಅದೇ ಬಣ್ಣದ, ಅದೇ ಅವಮಾನ ತಿಂದ ಎಷ್ಟು ಹುಡುಗೀರು 'ನಮ್ಮವಳು' ಅಂತ ಕುಣೀಬೇಕಿತ್ತು, ಯೋಚ್ನೆ ಮಾಡಿ.

ಇದನ್ನೆಲ್ಲ ಬೇಕಾದ್ರೆ ಬಿಟ್ಟುಬಿಡ್ತೀನಿ. ಆದ್ರೆ ಶಾರ್ಲೆಟ್ ವಿಷಯ ನಂಗೆ ನುಂಗಕ್ಕಾಗಲ್ಲ. ಸಿಲೋನ್ ಮೂಲದ ಕಪ್ಪು ಬಣ್ಣದ ಹೆಂಗಸು, ಮರ್ಲ್‌ನ ಮಗಳು ಅಂತಲೇ ಸಾಕಿದವಳು. ನಿಜಕ್ಕೂ ಅಜ್ಜಿ, ಹೆತ್ತವಳು ಶಾರ್ಲೆಟ್ ಮಗಳು ಕಾನ್‌ಸ್ಟನ್ಸ್, ಆಕೆ ಇನ್ನೂ ಮಗು ಥರದ ವಯಸ್ಸಿನಲ್ಲಿ ಹೆತ್ತಿದ್ಲು ಅಂತ ಆಕೆಯನ್ನ ಅಕ್ಕ ಅಂತ ಹೇಳಿ ಬೆಳೆಸಿದ್ರು. ಅಂಥ ಶಾರ್ಲೆಟ್‌ನ ಲಂಡನ್ ಮನೆಗೆ ಕರ್ಕೊಂಡು ಹೋಗಿ, ಬಂದವರಿಗೆಲ್ಲ ಕೆಲಸದವಳು ಅಂತ ತೋರಿಸ್ತಿದ್ಲು. ಯಾವ ಕೋರ್ಟು ಹೇಳಿತ್ತು ಇದನ್ನ ಮಾಡು ಅಂತ?

1937ರಲ್ಲಿ ಶಾರ್ಲೆಟ್ ತೀರ್ಕೊಂಡ್ಲು. ಹನ್ನೆರಡು ವರ್ಷ ಆದ್ಮೇಲೆ ಒಂದು ಹಳೇ ಫೋಟೋ ಕೊಟ್ಟು ಮರ್ಲ್ ಆಕೆಯ ಚಿತ್ರ ಬರೆಸಿದ್ಲು, ಮೈಬಣ್ಣ ಬೆಳ್ಳಗೆ ಮಾಡಿ ಅಂತ ಹೇಳಿ. ಅಂದ್ರೆ ನೆನಪಿತ್ತು, ಪ್ರೀತಿನೂ ಇತ್ತು. ಆ ಚಿತ್ರವನ್ನ ಮನೇಲಿ ನೇತುಹಾಕಿದ್ಲು, ಅದ್ರಲ್ಲಿರೋ ಬಿಳಿ ಹೆಂಗಸನ್ನ ನಮ್ಮಮ್ಮ ಅಂತ ಬಂದವರಿಗೆ ತೋರಿಸಕ್ಕೆ ಯಾವ ಅಡ್ಡೀನೂ ಇರ್ಲಿಲ್ಲ.