ಸ್ಪಷ್ಟನೆ: 1962ರಲ್ಲಿ ತಿಮ್ಮಯ್ಯನವರು ಸೇನಾ ಮುಖ್ಯಸ್ಥರಾಗಿರಲಿಲ್ಲ

"ಯುದ್ಧದ ನಡುವೆಯೇ ಜನರಲ್ ತಿಮ್ಮಯ್ಯನವರನ್ನು ನೆಹರೂ ಕೆಳಗಿಳಿಸಿದರು, ಅದಕ್ಕೇ ಚೀನಾ ಗೆದ್ದಿತು" ಎಂಬ ಸಂದೇಶ ವಾರದಿಂದ ಕೊಡಗಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಅದು ತಪ್ಪು. ಅದರ ಮೂಲ ನಾನೇ ಬರೆದ ಒಂದು ಕಲ್ಪನೆಯ ಬರಹ.

ನಾನು ಬರೆದದ್ದು "1962ರಲ್ಲಿ ತಿಮ್ಮಯ್ಯನವರೇ ಮುಖ್ಯಸ್ಥರಾಗಿದ್ದಿದ್ದರೆ" ಎಂದು. ಕೈಯಿಂದ ಕೈಗೆ ದಾಟುವಾಗ ಆ 'ದರೆ' ಉದುರಿಹೋಗಿದೆ. ಮೊನ್ನೆ ಮಡಿಕೇರಿಯಲ್ಲಿ ಚಿಕ್ಕಪ್ಪ ಕನ್ನಡಕ ಏರಿಸಿಕೊಂಡು ನನ್ನದೇ ವಾಕ್ಯವನ್ನು ನನಗೇ ಓದಿ ಹೇಳಿ, "ಇದು ನಿನಗೆ ಗೊತ್ತಿತ್ತೇನೋ?" ಎಂದು ಕೇಳಿದರು. ಮೇಲೆ 'ಕಲ್ಪನೆ' ಎಂದು ದಪ್ಪಕ್ಷರದಲ್ಲಿ ಹಾಕಬೇಕಿತ್ತು, ಹಾಕಲಿಲ್ಲ.

ತಿಮ್ಮಯ್ಯನವರು 1957ರ ಮೇ ತಿಂಗಳಲ್ಲಿ ಭೂಸೇನೆಯ ಮುಖ್ಯಸ್ಥರಾದರು, 1961ರ ಮೇ ತಿಂಗಳಲ್ಲಿ ಅವಧಿ ಮುಗಿಸಿ ನಿವೃತ್ತರಾದರು. ಚೀನಾದ ದಾಳಿ ಶುರುವಾದದ್ದು 1962ರ ಅಕ್ಟೋಬರ್ 20ರಂದು. ಆಗ ಮುಖ್ಯಸ್ಥರಾಗಿದ್ದವರು ಜನರಲ್ ಪಿ.ಎನ್. ಥಾಪರ್, ನವೆಂಬರ್‌ನಲ್ಲಿ ಹುದ್ದೆ ತೊರೆದವರೂ ಅವರೇ. ಸೇನಾ ಮುಖ್ಯಸ್ಥರ ಅಧಿಕಾರಾವಧಿಯ ಪಟ್ಟಿ ನೋಡಿದರೆ ಇಷ್ಟೂ ಸಿಗುತ್ತದೆ.

ಗೊಂದಲಕ್ಕೆ ಒಂದು ಎಳೆ ಇದೆ. ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗಿನ ಭಿನ್ನಾಭಿಪ್ರಾಯದಿಂದ ತಿಮ್ಮಯ್ಯನವರು 1959ರಲ್ಲಿ ರಾಜೀನಾಮೆ ಕೊಟ್ಟದ್ದು ನಿಜ. ಆದರೆ ಅದನ್ನು ಹಿಂಪಡೆಯುವಂತೆ ಮನವೊಲಿಸಿದವರೇ ನೆಹರೂ. 1948ರಲ್ಲಿ ಕಾಶ್ಮೀರ ಮತ್ತು ಲಡಾಖ್ ನಡುವಿನ ಜೋಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ ತಿಮ್ಮಯ್ಯನವರೇ 1962ರಲ್ಲಿ ಮುಖ್ಯಸ್ಥರಾಗಿದ್ದಿದ್ದರೆ ಏನಾಗುತ್ತಿತ್ತು ಎಂದು ಊಹಿಸುವ ಆಸೆ ನನಗೆ ಈಗಲೂ ಇದೆ. ಅದು ಊಹೆ ಮಾತ್ರ.

ಆ ಸಂದೇಶವನ್ನು ದಯವಿಟ್ಟು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.