ಅಡ್ಡಗಲ್ಲಿಗೆ ಅಡ್ಡಬಿದ್ದ ಕಥೆ

ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಡೇಲ್ಸ್ ಎಂಬ ಕಣಿವೆಸೀಮೆಯಲ್ಲಿ ಹಳೆಯದೊಂದು ಕಲ್ಲಿನ ಒಕ್ಕಲುಮನೆಯನ್ನು ಬಾಡಿಗೆಗೆ ಹಿಡಿದಿರುವ ನನ್ನ ಅಣ್ಣ, ನಾನು ಬಂದಿಳಿದ ಸಂಜೆ ಎಚ್ಚರಿಕೆಯ ಮಾತೊಂದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ, ನನ್ನ ಹಣೆ ಬಾಗಿಲ ಮೇಲಿನ ಅಡ್ಡಗಲ್ಲಿಗೆ ಪ್ರಥಮ ನಮಸ್ಕಾರ ಸಲ್ಲಿಸಿಯಾಗಿತ್ತು. "ಬಗ್ಗು ಅಂತ ಹೇಳೋಣ ಅಂತಿದ್ದೆ ಕಣೋ" ಎಂದ ಅಣ್ಣ. ಅತ್ತಿಗೆ ಮಾತಿಲ್ಲದೆ ಫ್ರಿಜ್ಜಿನಿಂದ ಹೆಪ್ಪುಗಟ್ಟಿದ ಬಟಾಣಿಯ ಪೊಟ್ಟಣವನ್ನು ತಂದುಕೊಟ್ಟರು. ನೆಂಟರ ಹಣೆಗೆಂದೇ ಅದು ಸದಾ ಸಿದ್ಧವಾಗಿರುತ್ತದೆಂದು ಆಮೇಲೆ ತಿಳಿಯಿತು.

17ನೇ ಶತಮಾನದಲ್ಲಿ ಆ ಸೀಮೆಯ ಅನುಕೂಲಸ್ಥ ರೈತರು ಮರದ ಮನೆಗಳನ್ನು ಬಿಟ್ಟು ಕಲ್ಲಿನ ಮನೆಗಳತ್ತ ಹೊರಳಿದಾಗ ಕಟ್ಟಿಸಿದ ಮನೆಯಿದು. ಮಾಡಿಗೆ ಹೆಂಚಿಲ್ಲ, ತೆಳ್ಳಗೆ ಸೀಳಿದ ಕಲ್ಲಿನ ಬಿಲ್ಲೆಗಳೇ ಹೊದಿಕೆ. ಸೂರಿನ ಬಳಿ ದೊಡ್ಡ ಬಿಲ್ಲೆಗಳು, ನೆತ್ತಿಯತ್ತ ಹೋದಂತೆಲ್ಲ ಚಿಕ್ಕವು. ನನ್ನ ನೆತ್ತಿಯಲ್ಲಿ ಮೂರೇ ದಿನಗಳಲ್ಲಿ ಎದ್ದ ಬುಗುಟೆಗಳಿಗೆ ಇಂಥ ಕ್ರಮವೇನೂ ಇರಲಿಲ್ಲ. ನಡುವೆ ಕಲ್ಲುಕಂಬಗಳನ್ನು ನಿಲ್ಲಿಸಿದ ಕಿಟಕಿಗಳು ಮಾತ್ರ ನಿರುಪದ್ರವಿಗಳು. ಅಲ್ಲಿ ತಲೆ ತೂರುವುದೇ ಇಲ್ಲ.

ಗೋಡೆಯ ವಿಷಯ ಬೇರೆ. ಸುಮಾರು ಎರಡಡಿ ದಪ್ಪದ ಆ ಗೋಡೆ ನಿಜಕ್ಕೂ ಎರಡು ಗೋಡೆ: ಹೊರಗೊಂದು ಪದರ, ಒಳಗೊಂದು ಪದರ, ನಡುವೆ ತುಂಬಿದ ಚೂರುಗಲ್ಲು, ಎರಡೂ ಪದರಗಳು ಬೇರ್ಪಡದಂತೆ ಅಲ್ಲಲ್ಲಿ ಅಡ್ಡಲಾಗಿ ಹಾಯಿಸಿದ ಉದ್ದನೆಯ ಕಲ್ಲು, ಇವೆಲ್ಲಕ್ಕೂ ಸುಣ್ಣದ ಗಾರೆ. ಊರಿನಿಂದ ತಂದಿದ್ದ ಗಣಪತಿಯ ಕ್ಯಾಲೆಂಡರನ್ನು ತೂಗುಹಾಕಲು ನಾನು ಹೊಡೆದ ಮೊಳೆ ಮೊದಲ ಏಟಿಗೆ ಕಲ್ಲಿಗೆ ತಾಗಿ ಬಾಗಿತು. ಎರಡನೆಯ ಮೊಳೆ ಸಂದಿಯೊಳಗೆ ಸಲೀಸಾಗಿ ಇಳಿದು, ಅಂಗೈಯಗಲದ ಗಾರೆಯನ್ನು ಅಣ್ಣನ ಚಹಾದ ಲೋಟಕ್ಕೆ ಕೆಡವಿತು. "ಒಂದಿಷ್ಟು ಸಿಮೆಂಟ್ ಮೆತ್ತಿಬಿಡೋಣ" ಎಂದೆ. ಅಣ್ಣನ ಮುಖ ಸುಣ್ಣಕ್ಕಿಂತ ಬೆಳ್ಳಗಾಯಿತು. ಗೋಡೆ ಹೀರಿದ ತೇವ ಸುಣ್ಣದ ಗಾರೆಯ ಮೂಲಕವೇ ಆರಿಹೋಗಬೇಕಂತೆ; ಸಿಮೆಂಟ್ ಅದನ್ನು ಒಳಗೇ ಕಟ್ಟಿಹಾಕಿ ಕೊನೆಗೆ ಕಲ್ಲನ್ನೇ ಉದುರಿಸುತ್ತದಂತೆ. ಸಾಲದ್ದಕ್ಕೆ ಮನೆ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದೆ. ಅನುಮತಿಯಿಲ್ಲದೆ ಅದರ ಸ್ವರೂಪವನ್ನು ಬದಲಿಸುವುದು ಅಲ್ಲಿ ಕ್ರಿಮಿನಲ್ ಅಪರಾಧ. ವಿಘ್ನನಿವಾರಕನು ಉಳಿದಷ್ಟು ದಿನವೂ ಬಟಾಣಿಯನ್ನು ಕಾಯುತ್ತ ಫ್ರಿಜ್ಜಿನ ಬಾಗಿಲ ಮೇಲೆ ನೆಲೆಸಿದ.

ಹೊರಡುವ ದಿನ ಅತ್ತಿಗೆ, ಆ ಅಡ್ಡಗಲ್ಲಿನ ಮೇಲೆ ಮನೆ ಕಟ್ಟಿಸಿದ ದಂಪತಿಯ ಹೆಸರುಗಳ ಮೊದಲಕ್ಷರಗಳನ್ನೂ ಇಸವಿಯನ್ನೂ ಕೆತ್ತಿದ್ದಾರೆಂದು ಹೇಳಿದರು. ಅಲ್ಲಿಯವರೆಗೆ ಅದನ್ನು ಹಣೆಯಿಂದಷ್ಟೇ ಬಲ್ಲವನಾಗಿದ್ದ ನಾನು, ಓದಲೆಂದು ತಲೆಯೆತ್ತಿ, ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ಹೋಗಿ, ಅಂಗಳದಲ್ಲಿ ಮಳೆನೀರು ತುಂಬಿಕೊಂಡು ಕುಳಿತಿದ್ದ ಕಲ್ಲುಬಾನಿಯಲ್ಲಿ ಕುಳಿತೆ. ಓಡಿಬಂದ ಅಣ್ಣ ಮೊದಲು ಬಾನಿಯ ಅಂಚನ್ನು ಸುತ್ತಲೂ ಸವರಿ ನೋಡಿದ. 1948ಕ್ಕೆ ಮೊದಲಿನಿಂದ ಅಂಗಳದಲ್ಲಿ ಬೇರೂರಿರುವ ಇಂಥವಕ್ಕೂ ಮನೆಯಷ್ಟೇ ರಕ್ಷಣೆಯುಂಟಂತೆ. "ಸದ್ಯ, ಬಿರುಕು ಬಿಟ್ಟಿಲ್ಲ" ಎಂದು ನಿಟ್ಟುಸಿರಿಟ್ಟ ಮೇಲೆಯೇ ಅವನು ನನ್ನತ್ತ ಕೈ ಚಾಚಿದ್ದು.