ಅಷ್ಟು ದೂರ ಬಂದದ್ದಾಯಿತಲ್ಲ

ಕೊಳ್ಳಲು ಬಂದಿದ್ದ ಹಳೆಯ ಕಾರಿನ ಬಾನೆಟ್ ಮೇಲೆ ಕೈಯಿಟ್ಟೆ, ಬಿಸಿ ತಾಗಿತು. ನಾವು ಬರುವವರೆಗೆ ಎಂಜಿನ್ ಚಾಲೂ ಮಾಡಬೇಡಿ ಎಂದು ಹಿಂದಿನ ರಾತ್ರಿ ಫೋನಿನಲ್ಲಿ ಎರಡು ಸಲ ಕೇಳಿಕೊಂಡಿದ್ದೆ. ಮಾರುವವರು ಒಪ್ಪಿಯೂ ಇದ್ದರು. ಈಗ ಕೇಳಿದರೆ ಪೆಟ್ರೋಲ್ ಹಾಕಿಸಲು ಹೋಗಿದ್ದೆ ಎಂದರು. ಅಮೆರಿಕದ ಉತ್ತರದಲ್ಲಿರುವ ನಮ್ಮ ಒಹಾಯೊದಿಂದ ದಕ್ಷಿಣದ ಜಾರ್ಜಿಯಾಕ್ಕೆ ಒಂಬತ್ತು ಗಂಟೆಯ ದಾರಿ ಸವೆಸಿ ಬಂದಿದ್ದೆವು. ಹೆಂಡತಿ ನನ್ನ ಮುಖ ನೋಡಿದಳು. "ಅಷ್ಟು ದೂರ ಬಂದದ್ದಾಯಿತಲ್ಲ, ಓಡಿಸಿ ನೋಡೋಣ" ಎಂದೆ. ಬಳಸಿದ ಕಾರು ಕೊಳ್ಳಲು ದೂರ ಹೋದವರನ್ನು ಕೆಡಿಸುವುದು ಈ ಒಂದು ಮಾತು ಎಂದು ಅಂದಿನಿಂದ ನಂಬಿದ್ದೇನೆ.

ಅಷ್ಟು ದೂರ ಹೋಗಲು ಕಾರಣ ಉಪ್ಪು. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಕಾರಿನ ಅಡಿಯಲ್ಲಿ ಕುಳಿತು ಬ್ರೇಕ್ ಪೈಪು, ಚಾಸಿಗಳನ್ನು ತಿನ್ನುತ್ತದೆ. ಮೇಲೆ ಬಣ್ಣ ಫಳಫಳ ಹೊಳೆಯುತ್ತಿದ್ದರೂ ಕೆಳಗೆ ಕಬ್ಬಿಣ ಹಪ್ಪಳದಂತೆ ಪುಡಿಯಾಗಿರುತ್ತದೆ. ಆದ್ದರಿಂದ ನಮ್ಮ ಕಡೆಯವರು ದಕ್ಷಿಣದ ರಾಜ್ಯಗಳ ಕಾರು ಹುಡುಕುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಅಂದು ಟಾರ್ಚು ಹಿಡಿದು ನೆಲದ ಮೇಲೆ ಮಲಗಿ ನೋಡಿದೆ, ಅಡಿಭಾಗ ನಿಜಕ್ಕೂ ಚೊಕ್ಕಟವಾಗಿತ್ತು. ಆ ಸಂತೋಷದಲ್ಲೇ ಬಿಸಿ ಬಾನೆಟ್ಟನ್ನು ಮರೆತೆ.

ತಣ್ಣಗಿನ ಎಂಜಿನ್ ಬೇಕೆಂದು ಕೇಳುವುದು ಸುಮ್ಮನೆ ಅಲ್ಲ. ರಾತ್ರಿಯಿಡೀ ನಿಂತ ಎಂಜಿನ್ ಬೆಳಿಗ್ಗೆ ಎದ್ದಾಗಿನ ಮೊದಲ ಕೆಲವು ಕ್ಷಣಗಳಲ್ಲಿ ತನ್ನ ಕಾಯಿಲೆಯನ್ನೆಲ್ಲ ಹೇಳಿಕೊಳ್ಳುತ್ತದೆ. ಟೈಮಿಂಗ್ ಚೈನಿನ ಗಲಗಲ, ಸವೆದ ವಾಲ್ವ್ ಸೀಲಿನಿಂದ ಬರುವ ನೀಲಿ ಹೊಗೆ, ಸ್ಟಾರ್ಟ್ ಆಗಲು ಪಡುವ ಕಷ್ಟ, ಎಲ್ಲವೂ ಆಗಲೇ ಕಾಣಿಸುವುದು. ಬಿಸಿಯಾದ ಮೇಲೆ ಅದೇ ಎಂಜಿನ್ ಸಭ್ಯವಾಗಿ ನಡೆದುಕೊಳ್ಳುತ್ತದೆ.

ನನ್ನ ಚೀಲದಲ್ಲಿ ಕಾರಿನ ಕಂಪ್ಯೂಟರು ದಾಖಲಿಸಿದ ದೋಷಗಳನ್ನು ಓದುವ ಸ್ಕ್ಯಾನರ್ ಕೂಡ ಇತ್ತು. ಇಲ್ಲಿ 1996ರಿಂದ ಎಲ್ಲ ಹೊಸ ಕಾರುಗಳಲ್ಲೂ ಅದನ್ನು ಸಿಕ್ಕಿಸುವ ಓಬಿಡಿ-2 ಎಂಬ ಸಾಕೆಟ್ ಕಡ್ಡಾಯ. ಸ್ಟೀರಿಂಗ್ ಕೆಳಗಿನ ಆ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿದೆ. ದೋಷದ ಕೋಡ್ ಒಂದೂ ಇರಲಿಲ್ಲ. ಆದರೆ ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ವಿಭಾಗಗಳಲ್ಲಿ ನಾಲ್ಕರ ಮುಂದೆ 'ಪೂರ್ಣಗೊಂಡಿಲ್ಲ' ಎಂದು ಬಂತು. ಇತ್ತೀಚೆಗೆ ಯಾರೋ ಕೋಡುಗಳನ್ನು ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಕಳಚಿದ್ದಾರೆ ಎಂದು ಅದರರ್ಥ. ಬ್ಯಾಟರಿ ಬದಲಿಸಿದೆ ಎಂದರು. ನಂಬಿದೆ, ಏಕೆಂದರೆ ನಂಬಬೇಕೆಂಬ ಆಸೆ ನನ್ನಲ್ಲೇ ಇತ್ತು. ಕಾರು ಕೊಂಡು ವಾಪಸು ಬರುವಾಗ ದಾರಿಯ ಕೆಂಟಕಿ ರಾಜ್ಯದಲ್ಲಿ ಎಂಜಿನ್ನಿನ ಹಳದಿ ದೀಪ ಹೊತ್ತಿಕೊಂಡಿತು. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿತ್ತು.

ಆ ರಾತ್ರಿ ನನಗೆ ಅಪ್ಪನ ಮೆಕ್ಯಾನಿಕ್ ನೆನಪಾದರು. ಹಳೆಯ ಕಾರು ನೋಡಲು ಅಪ್ಪ ಯಾವ ಊರಿಗೆ ಹೊರಟರೂ ಅವರನ್ನು ಕರೆದುಕೊಂಡೇ ಹೋಗುತ್ತಿದ್ದರು. ಅವರು ಬಾಗಿಲಿನ ರಬ್ಬರನ್ನು ಬೆರಳಿನಿಂದ ಮೆಲ್ಲನೆ ಎಳೆದು ಒಳಗಿನ ವೆಲ್ಡಿಂಗ್ ಚುಕ್ಕೆಗಳನ್ನು ನೋಡುತ್ತಿದ್ದರು. ಕಾರ್ಖಾನೆಯ ಚುಕ್ಕೆಗಳು ಒಂದೇ ಅಂತರದಲ್ಲಿ ಸಾಲಾಗಿರುತ್ತವೆ, ಅಪಘಾತದ ನಂತರ ಬೆಸೆದವು ಹಾಗಿರುವುದಿಲ್ಲ. ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದು, ಒಳಗಿನಿಂದ ಹೊಗೆ ರಭಸವಾಗಿ ನುಗ್ಗುತ್ತದೆಯೇ ಎಂದು ಅಂಗೈ ಹಿಡಿಯುತ್ತಿದ್ದರು. ಟೈರಿನ ಬದಿಯ ನಾಲ್ಕು ಅಂಕಿ ಓದುತ್ತಿದ್ದರು: 2319 ಎಂದಿದ್ದರೆ 2019ರ 23ನೇ ವಾರದ್ದು. ಕೊನೆಗೆ ಬಾನೆಟ್ ಮುಚ್ಚಿ "ಬೇಡ, ನಡೆಯಿರಿ" ಎಂದರೆ ಅಪ್ಪ ಮರುಮಾತಿಲ್ಲದೆ ಬಸ್ ನಿಲ್ದಾಣಕ್ಕೆ ನಡೆಯುತ್ತಿದ್ದರು. ಆ ಕಾರಿನ ಮೇಲೆ ಅಪ್ಪನಿಗೆ ಆಸೆಯಿತ್ತು, ಮೆಕ್ಯಾನಿಕ್ಕಿಗೆ ಇರಲಿಲ್ಲ. ಅವರಿಗೆ ಕೊಟ್ಟ ಕೂಲಿ ಆಸೆಯಿಲ್ಲದ ಆ ಕಣ್ಣಿಗೇ ಸಂದದ್ದು.

ಅಮೆರಿಕದಲ್ಲಿ ನಂಬಿಕೆ ಮನುಷ್ಯರಿಗಿಂತ ಕಾಗದದ ಮೇಲೆ ಹೆಚ್ಚು. ಕಾರ್ಖಾನೆಯೇ ಪ್ರತಿ ಕಾರಿಗೂ ಕೊಡುವ ಹದಿನೇಳು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆಯನ್ನು ಕೊಟ್ಟರೆ ಕಾರಿನ ಚರಿತ್ರೆಯ ವರದಿ ಕೈಗೆ ಬರುತ್ತದೆ. 2011 ಮತ್ತು ನಂತರದ ಮಾಡೆಲ್ಲುಗಳಿಗೆ ಇಪ್ಪತ್ತು ವರ್ಷ ಕಳೆಯುವವರೆಗೂ ಮಾರುವವರು ಕಾರು ಓಡಿದ ದೂರದ ಮೀಟರಿನ ಲೆಕ್ಕವನ್ನು ಲಿಖಿತವಾಗಿ ಒಪ್ಪಿಸಬೇಕು. ಇದು ದೊಡ್ಡ ಅನುಕೂಲ, ಭಾರತದಲ್ಲೂ ಇಷ್ಟು ಬಿಗಿ ಇರಬೇಕಿತ್ತು. ಆದರೂ ಆ ವರದಿಗೆ ಗೊತ್ತಿರುವುದು ಯಾರಾದರೂ ದಾಖಲಿಸಿದ್ದು ಮಾತ್ರ. ವಿಮೆಗೆ ಹೇಳದೆ ನಗದು ಕೊಟ್ಟು ಸರಿಮಾಡಿಸಿದ ಪೆಟ್ಟು ಅದರಲ್ಲಿ ಇರುವುದಿಲ್ಲ.

ಇಲ್ಲಿನ ಪದ್ಧತಿಯಲ್ಲಿ ನಾನು ಮನಸಾರೆ ಮೆಚ್ಚುವುದು ಇನ್ನೊಂದನ್ನು. ಮಾರುವವರ ಊರಿನಲ್ಲೇ ಅವರಿಗೆ ಸಂಬಂಧವಿಲ್ಲದ ಗ್ಯಾರೇಜಿಗೆ ಫೋನ್ ಮಾಡಿ, ಶುಲ್ಕ ಕಟ್ಟಿ, ಕಾರನ್ನು ಲಿಫ್ಟಿಗೆ ಏರಿಸಿ ತಪಾಸಣೆ ಮಾಡಿಸಬಹುದು. ಫೋಟೊಗಳು ಮೊಬೈಲಿಗೆ ಬರುತ್ತವೆ. ಮಾರುವವರು ಇದಕ್ಕೆ ಒಪ್ಪದಿದ್ದರೆ ಅಲ್ಲಿಗೆ ಮಾತು ಮುಗಿಯಿತು, ಪ್ರಯಾಣವೇ ಬೇಡ. ಜಾರ್ಜಿಯಾದ ಆ ಕಾರಿನ ನಂತರ ನಾನು ಹೀಗೆಯೇ ಮೂರು ಕಾರುಗಳನ್ನು ಮನೆಯಿಂದಲೇ ಬಿಟ್ಟೆ, ನಾಲ್ಕನೆಯದಕ್ಕೆ ಹೊರಟೆ.

ಈಚೆಗೆ ಕರ್ನಾಟಕದಿಂದಲೂ ಜನ ಹಳೆಯ ಕಾರಿಗಾಗಿ ದೆಹಲಿಗೆ ಹೋಗುತ್ತಿದ್ದಾರೆ. ದೆಹಲಿ ವಲಯದಲ್ಲಿ ಡೀಸೆಲ್ ಕಾರಿಗೆ 10, ಪೆಟ್ರೋಲ್ ಕಾರಿಗೆ 15 ವರ್ಷದ ಮಿತಿ ಹೇರಿದಾಗಿನಿಂದ ಅಲ್ಲಿ ಹಳೆಯ ಗಾಡಿಗಳ ಬೆಲೆ ಇಳಿದಿದೆ. ಬೆಂಗಳೂರಿನಿಂದ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿ. ಬೆಲೆ ನೋಡಿ ಹೊರಡುವವರು ನಿರಾಕ್ಷೇಪಣಾ ಪತ್ರದ 28ನೇ ನಮೂನೆ, ವರ್ಗಾವಣೆಯ 29 ಮತ್ತು 30, ಸಾಲ ತೀರಿದ್ದಕ್ಕೆ 35, ಇವುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಊರಿಗೆ ತಂದ ಮೇಲೆ ಕರ್ನಾಟಕದ ಜೀವಿತಾವಧಿ ತೆರಿಗೆ ಬೇರೆ. ಅಗ್ಗವೆಂದು ಕಂಡದ್ದು ಅಲ್ಲಿಗೆ ಸರಿಸಮ.

ತಮ್ಮನೂ ಹೀಗೆಯೇ ದೆಹಲಿಯ ಕಾರೊಂದಕ್ಕೆ ಮನಸೋತು ಫೋನ್ ಮಾಡಿದ. ವಿಮಾನದಲ್ಲಿ ಹೋಗಿ ಕಾರು ಓಡಿಸಿಕೊಂಡು ಬರುತ್ತೇನೆ ಎಂದ. ಒಂದು ಕಡೆಯ ಟಿಕೆಟ್ ತೆಗೆದುಕೊಂಡ ದಿನವೇ ನೀನು ಕಾರನ್ನು ಕೊಂಡಂತೆ ಎಂದು ಹೇಳಿ, ನನ್ನ ಕೆಂಟಕಿಯ ದೀಪದ ಕಥೆಯನ್ನು ಅವನಿಗೆ ಪೂರ್ತಿ ಹೇಳಿದೆ. ತುಸು ಹೊತ್ತು ಸುಮ್ಮನಿದ್ದ. ಮರುದಿನ ಸಂದೇಶ ಬಂತು: ಅಪ್ಪನ ಮೆಕ್ಯಾನಿಕ್ಕಿನ ಮಗ ಜೊತೆಗೆ ಬರಲು ಒಪ್ಪಿದ್ದಾರೆ, ಇಬ್ಬರಿಗೂ ಹೋಗಿ ಬರುವ ಟಿಕೆಟ್ ಮಾಡಿಸಿದ್ದೇನೆ.